ಮುತ್ತಲ ಬೀಜ ಕಟ್ಟಿಕೊಂಡು ಕ್ಯಾಮರೂನಿಗೆ

ಡುವಾಲಾ

ಕುಷ್ಟಗಿ ಬಿಟ್ಟ ಮೂರನೆಯ ದಿನ ನಾನು ಡುವಾಲಾ ವಿಮಾನ ನಿಲ್ದಾಣದ ತಪಾಸಣೆಯ ಮೇಜಿನ ಮುಂದೆ ನಿಂತು, ಬಲಗೈ ತೋರುಬೆರಳನ್ನು ಹುಳುವಿನ ಹಾಗೆ ಕೊಂಕಿಸಿ ಕೊಂಕಿಸಿ ತೋರಿಸುತ್ತಿದ್ದೆ. ಎದುರಿಗಿದ್ದ ಅಧಿಕಾರಿಗೆ ಫ್ರೆಂಚ್ ಬಿಟ್ಟು ಬೇರೆ ಮಾತಾಡುವ ಮನಸ್ಸಿರಲಿಲ್ಲ. ನನಗೆ ಫ್ರೆಂಚಿನಲ್ಲಿ ನಮಸ್ಕಾರ ಹೇಳಲೂ ಬರುವುದಿಲ್ಲ. ಮೇಜಿನ ಮೇಲೆ ನನ್ನ ಚೀಲದ ಗುಟ್ಟೆಲ್ಲ ಹರಡಿತ್ತು: ಬಟ್ಟೆಯ ಗಂಟಿನಲ್ಲಿ ಎರಡು ಕಿಲೋ ಮುತ್ತಲ ಬೀಜ, ಸ್ಟೀಲ್ ಡಬ್ಬಿಯಲ್ಲಿ ಅದರದೇ ಪುಡಿ, ಹೆಂಡತಿ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ. ಬೀಜಕ್ಕೆ ಸಂಬಂಧಿಸಿದ ಪರವಾನಗಿ ಪತ್ರಗಳು ಇನ್ನೊಂದು ಚೀಲದಲ್ಲಿದ್ದವು, ಆ ಚೀಲ ಇನ್ನೂ ಬಂದಿರಲಿಲ್ಲ.

ಅಧಿಕಾರಿ ಪುಡಿಯನ್ನು ಮೂಸಿ ಮುಖ ಸಿಂಡರಿಸಿದ. ನಾನು ಮೊದಲು ನನ್ನ ಹೊಟ್ಟೆ ಮುಟ್ಟಿಕೊಂಡೆ, ಆಮೇಲೆ ಬೆರಳು ಕೊಂಕಿಸಿದೆ, ಆಮೇಲೆ ಡಬ್ಬಿ ತೋರಿಸಿ, ಬೆರಳನ್ನು ಮೇಜಿನ ಮೇಲೆ ಸಾಯಿಸಿ ಮಲಗಿಸಿದೆ. ಆತ ಹೋ ಎಂದು ನಕ್ಕ. ಪಕ್ಕದ ಮೇಜಿನವರನ್ನು ಕರೆದು ನನ್ನಿಂದ ಮತ್ತೊಮ್ಮೆ ಆಟ ಆಡಿಸಿದ. ಒಬ್ಬಾಕೆ ತನ್ನ ಹೊಟ್ಟೆ ತಟ್ಟಿಕೊಂಡು, ಚಿಕ್ಕವಳಿದ್ದಾಗ ತನಗೆ ಎಷ್ಟುದ್ದದ ಹುಳು ಇತ್ತೆಂದು ಮೊಳಗೈ ಅಳತೆಯಲ್ಲಿ ತೋರಿಸಿದಳು. ಅಷ್ಟರಲ್ಲಿ ಎರಡನೆಯ ಚೀಲವೂ ಬಂತು, ಪತ್ರಗಳೂ ಸಿಕ್ಕವು. ನಮ್ಮ ಕಡೆ ಜಂತುಹುಳುವಿನ ಮಾತು ಬಂದರೆ ಜನ ದನಿ ತಗ್ಗಿಸುತ್ತಾರೆ, ಇಲ್ಲಿ ಕುರ್ಚಿ ಎಳೆದು ಕೂರುತ್ತಾರೆ. ನನಗೆ ಈ ದೇಶ ಆಗಲೇ ಇಷ್ಟವಾಯಿತು.

ನಾನು ಕುಷ್ಟಗಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಹೇಳುವ ಮಾಸ್ತರ. ಯಲಬುರ್ಗಾ ಕಡೆಯ ಗುಡ್ಡಗಳಲ್ಲಿ ಬೆಳೆಯುವ ಮುತ್ತಲದ, ಅಂದರೆ ಮುತ್ತುಗದ, ಬೀಜ ಹುಳುವಿಗೆ ಮದ್ದು ಎನ್ನುವುದು ಹಳೆಯ ಮಾತು. ಅಳವಂಡಿಯ ಹಕೀಮ ಖಾಜಾಸಾಬರು ತಾವು ಇರುವ ತನಕ ಮಕ್ಕಳಿಗೂ ಕುರಿಗಳಿಗೂ ಅದನ್ನೇ ಕೊಡುತ್ತಿದ್ದರು. ಪುಡಿ ಮಾಡುವ ಕ್ರಮವನ್ನು ನನಗೆ ಕಲಿಸಿದವರೂ ಅವರೇ. ಅದರ ಮೇಲೆ ನಾನು ಬರೆದ ಒಂದು ಸಣ್ಣ ಲೇಖನವನ್ನು ಕ್ಯಾಮರೂನಿನ ಬುಯಾ ಊರಿನ ಸಂಶೋಧಕರೊಬ್ಬರು ಓದಿ, ಬೇಸಿಗೆ ರಜೆಯಲ್ಲಿ ಬೀಜ ಸಮೇತ ಬನ್ನಿ ಎಂದು ಕರೆದಿದ್ದರು. ಗಿಡಗಳ ಸಾರವನ್ನು ಆ್ಯಂಟಿಬಯಾಟಿಕ್ ಜೊತೆ ಸೇರಿಸಿ ಹುಳುಗಳ ಮೇಲೆ ಪರೀಕ್ಷಿಸುವುದು ಅವರ ಕೆಲಸ.

ಆದರೆ ನಾನು ಹೊರಟದ್ದು ಲೇಖನದ ಹೆಮ್ಮೆಗಲ್ಲ. ಗಂಗಾವತಿಯಲ್ಲಿ ನನ್ನ ಅಕ್ಕ ಶರಣವ್ವ ಇದ್ದಾಳೆ. ಕಾಲುವೆ ಕೆಳಗಿನ ಗದ್ದೆಗಳಲ್ಲಿ ಭತ್ತ ನಾಟಿ ಮಾಡುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ನಾಲ್ಕು ವರ್ಷದಿಂದ ಅವಳ ಬಲಗಾಲು ಮೊಣಕಾಲಿನ ಕೆಳಗೆ ಬಾತಿದೆ. ಆನೆಕಾಲು. ತಿಂಗಳಿಗೋ ಎರಡು ತಿಂಗಳಿಗೋ ಚಳಿಜ್ವರ ಬಂದು ಮಲಗಿಬಿಡುತ್ತಾಳೆ, ಎದ್ದಾಗ ಕಾಲು ಇನ್ನಷ್ಟು ಭಾರವಾಗಿರುತ್ತದೆ. ಈಚೆಗೆ ಎಡಗಾಲ ಹರಡಿನ ಗಂಟಿನ ಸುತ್ತಲೂ ಸಂಜೆ ಹೊತ್ತಿಗೆ ಬಾವು ಕಾಣತೊಡಗಿತ್ತು. ಅದು ಹೆಚ್ಚಾದರೆ ಅವಳು ಮತ್ತೆ ಕೆಸರಿಗೆ ಇಳಿಯುವಂತಿಲ್ಲ. ಕೆಸರಿಗೆ ಇಳಿಯದ ಶರಣವ್ವನನ್ನು ನಾನು ಊಹಿಸಿಕೊಳ್ಳಲಾರೆ.

ಗಂಗಾವತಿಯ ಡಾಕ್ಟರ್ ಮೇಡಂ ಅವಳಿಗೆ ಆರು ವಾರದ ಡಾಕ್ಸಿಸೈಕ್ಲಿನ್ ಗುಳಿಗೆ ಶುರು ಮಾಡಿದ್ದರು. ಬಾವು ಪೂರಾ ಇಳಿಯುತ್ತದೆ ಎಂದು ಅವರು ಹೇಳಲಿಲ್ಲ. ಜ್ವರ ಕಡಿಮೆಯಾಗಬಹುದು, ಬಾವು ಅಲ್ಲಿಗೇ ನಿಲ್ಲಬಹುದು ಎಂದರು. ನಾನು ಹೊರಡುವ ಮೊದಲು ಅಕ್ಕನ ಕೈಗೆ ಒಂದು ಡಬ್ಬಿ ಮುತ್ತಲ ಪುಡಿ ಕೊಟ್ಟು, ದಿನಾ ಗುಳಿಗೆಯ ಜೊತೆ ಒಂದು ಚಮಚ ಮಜ್ಜಿಗೆಯಲ್ಲಿ ಕಲಸಿ ಕುಡಿ ಎಂದೆ. ಖಾಜಾಸಾಬರ ಕ್ರಮವೂ ಅದೇ.

"ಮೇಡಂಗೆ ಒಂದು ಮಾತು ಕೇಳಲೇನು?" ಎಂದಳು ಅಕ್ಕ.

"ಅವರಿಗೆ ಗಿಡದ ಸುದ್ದಿ ಏನು ಗೊತ್ತಿರ್ತೈತಿ? ಸುಮ್ನ ತಗೊ. ಅಲ್ಲಿ ಪರೀಕ್ಷಾ ಮಾಡಾಕ ಒಯ್ಯಾಕತ್ತಿದ್ದೂ ಇದನ್ನ," ಎಂದೆ.

ಅಷ್ಟು ದೊಡ್ಡ ಮನುಷ್ಯನಾಗಿ ನಾನು ವಿಮಾನ ಹತ್ತಿದ್ದೆ.

ಬುಯಾ

ಬುಯಾ ಒಂದು ದೊಡ್ಡ ಬೆಟ್ಟದ ಮೈಮೇಲೆ ಕೂತ ಊರು. ಆ ಬೆಟ್ಟ ಹಿಂದೊಮ್ಮೆ ಬೆಂಕಿ ಉಗುಳಿತ್ತಂತೆ, ಈಗಲೂ ಮನಸ್ಸು ಬಂದಾಗ ಉಗುಳುತ್ತದಂತೆ. ಮೊದಲ ನಾಲ್ಕು ದಿನ ನನಗೆ ಬೆಟ್ಟವೇ ಕಾಣಲಿಲ್ಲ, ಬರೀ ಮಂಜು. ಎಲ್ಲಿದೆ ಎಂದು ಕೇಳಿದರೆ ಜನ ಬಿಳಿ ಮಂಜಿನ ಕಡೆ ಕೈ ತೋರಿಸಿ "ಅಲ್ಲೇ" ಅನ್ನುತ್ತಿದ್ದರು. ಕೊಪ್ಪಳದಲ್ಲಿ ಗುಡ್ಡ ಹುಡುಕಬೇಕಾಗಿಲ್ಲ, ಬಂಡೆಗಳು ಮನೆಯ ಬೆನ್ನಿಗೇ ಒರಗಿರುತ್ತವೆ. ಐದನೆಯ ದಿನ ಮಳೆ ನಿಂತು ಮಂಜು ಸರಿದಾಗ, ನಾನು ಹಲ್ಲುಜ್ಜುತ್ತಿದ್ದವನು ಬ್ರಶ್ ಬಾಯಲ್ಲೇ ಇಟ್ಟುಕೊಂಡು ಅಂಗಳಕ್ಕೆ ಓಡಿದೆ. ಅಷ್ಟು ಹತ್ತಿರ, ಅಷ್ಟು ಎತ್ತರ. ನನ್ನನ್ನು ನೋಡಿ ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ಚಪ್ಪಾಳೆ ಹೊಡೆದರು.

ಇಲ್ಲಿನ ಒಂದು ಪದ ನನಗೆ ಬಹಳ ಹಿಡಿಸಿತು: ಅಶ್ಯಾ. ಎಡವಿ ಬಿದ್ದರೂ ಅಶ್ಯಾ, ಮೂಟೆ ಹೊತ್ತು ಎದುರು ಬಂದರೂ ಅಶ್ಯಾ, ಸುಮ್ಮನೆ ಕೆಲಸ ಮಾಡುತ್ತ ಕೂತಿದ್ದರೂ ದಾರಿಹೋಕರು ಅಶ್ಯಾ ಅಂದು ಹೋಗುತ್ತಾರೆ. ನಿನ್ನ ಕಷ್ಟ ನನ್ನ ಕಣ್ಣಿಗೆ ಬಿದ್ದಿದೆ ಎಂದು ಅದರ ಅರ್ಥ. ಕೆಸರಿನಲ್ಲಿ ನನ್ನ ಚಪ್ಪಲಿ ಕಿತ್ತು ಬಂದ ದಿನ ಗಲ್ಲಿಯ ಆಚೆ ತುದಿ ತಲುಪುವಷ್ಟರಲ್ಲಿ ಹನ್ನೊಂದು ಅಶ್ಯಾ ಸಿಕ್ಕವು. ನಮ್ಮಲ್ಲಾದರೆ ಚಪ್ಪಲಿ ಎಲ್ಲಿ ಕೊಂಡದ್ದು, ಹೇಗೆ ಮೋಸ ಹೋದೆ ಎಂಬ ವಿಚಾರಣೆ ನಡೆಯುತ್ತಿತ್ತು.

ಪ್ರಯೋಗಶಾಲೆಯ ಮುಖ್ಯಸ್ಥರ ಹೆಸರು ಡಿವೈನ್. ನಲವತ್ತರ ಆಸುಪಾಸಿನ, ಉದ್ದನೆಯ, ಸಾವಕಾಶ ಮಾತಿನ ಮನುಷ್ಯ. ಆದರೆ ಅಲ್ಲಿ ಎಲ್ಲವನ್ನೂ ನಡೆಸುವವರು ಮಾ ಪ್ರುಡೆನ್ಸ್ ಎಂಬ ಹಿರಿಯ ತಂತ್ರಜ್ಞೆ. ದೊಡ್ಡ ಹೆಂಗಸರನ್ನು ಅಲ್ಲಿ ಹೆಸರಿಗೆ ಮಾ ಹಚ್ಚಿ ಕರೆಯುತ್ತಾರೆ, ನಾವು ಅವ್ವ ಹಚ್ಚಿದ ಹಾಗೆ. ಐವತ್ತೈದು ದಾಟಿದ ಆಕೆಯ ಇಂಗ್ಲಿಷ್ ಮಾತಿನ ಓಟ, ಗದರಿಕೆ, ನಡುನಡುವೆ ಕೈಯಾಡಿಸುವ ರೀತಿ ನನಗೆ ಮೊದಲ ದಿನದಿಂದಲೇ ನಮ್ಮ ಕಡೆಯ ಮಾತಾಗಿಯೇ ಕೇಳಿಸಿತು. ಬರೆಯುವಾಗಲೂ ಹಾಗೆಯೇ ಬರೆಯುತ್ತೇನೆ.

ಕಟುಕರ ಕೇರಿ

ಎರಡನೆಯ ದಿನ ಬೆಳಿಗ್ಗೆ ಆರಕ್ಕೆ ಪ್ರುಡೆನ್ಸ್ ನನ್ನ ಬಾಗಿಲು ಬಡಿದರು. "ಏಳ್ರಿ ಮಾಸ್ತರ, ಹುಳ ತರಾಕ ಹೋಗೂಣು."

ಹುಳುಗಳನ್ನು ಯಾವುದೋ ಗಾಜಿನ ಭರಣಿಯಲ್ಲಿ ಸಾಕಿರುತ್ತಾರೆ ಎಂದುಕೊಂಡಿದ್ದೆ. ಹೋದದ್ದು ದನ ಕೊಯ್ಯುವ ಜಾಗಕ್ಕೆ. ಹುಟ್ಟಿನಿಂದ ಸೊಪ್ಪು ಕಾಳು ತಿಂದು ಬೆಳೆದ ನಾನು ಬಾಗಿಲಲ್ಲೇ ನಿಂತೆ. ಪ್ರುಡೆನ್ಸ್ ಆಗಷ್ಟೇ ಸುಲಿದ ಚರ್ಮಗಳ ನಡುವೆ ಬಗ್ಗಿ, ಹೊಟ್ಟೆಯ ಭಾಗದ ಚರ್ಮವನ್ನು ಅಂಗೈಯಿಂದ ಸವರುತ್ತ ಹೋದರು. ಕಾಳಿನ ಗಾತ್ರದ ಗಂಟು ಕೈಗೆ ತಗುಲಿದರೆ ಅಲ್ಲಿಗೆ ನಿಲ್ಲುತ್ತಿದ್ದರು. ಕಟುಕರು ಅಷ್ಟು ತುಂಡು ಕೊಯ್ದು ಕೊಡುತ್ತಿದ್ದರು. ಆ ಗಂಟುಗಳ ಒಳಗೆ ದಾರದ ಉಂಡೆಯ ಹಾಗೆ ಹುಳುಗಳಿರುತ್ತವೆ. ಆನೆಕಾಲಿನ ಹುಳುವಿಗೂ ಇವಕ್ಕೂ ನೆಂಟಸ್ತಿಕೆ.

ನಾನು ಒಂದು ಕಂಬ ಹಿಡಿದುಕೊಂಡು ಆಕಾಶ ನೋಡುತ್ತ ನಿಂತಿದ್ದೆ. ಒಬ್ಬ ಕಟುಕ ನನಗೆ ಅಶ್ಯಾ ಅಂದ. ಇನ್ನೊಬ್ಬ ಕೂರಲು ಒಂದು ಮೋಡಾ ತಂದುಕೊಟ್ಟು, ಮೀನು ಕೂಡ ತಿನ್ನೋದಿಲ್ಲವಾ ಎಂದು ಕೇಳಿ, ನನ್ನ ತಲೆ ಅಲ್ಲಾಡಿದ್ದು ನೋಡಿ ನಿಜವಾಗಿ ಮರುಗಿದ.

ವಾಪಸು ಬರುವಾಗ ಪ್ರುಡೆನ್ಸ್ ನನಗೆ ಪಾಠ ಹೇಳಿದರು. "ನೋಡ್ರಿ, ಈ ಹುಳದ ಮೈಯಾಗ ಸಣ್ಣ ಬ್ಯಾಕ್ಟೀರಿಯಾ ಬಾಡಿಗಿಗೆ ಅದಾವ. ಹುಳಕ್ಕ ಅವನ್ನ ಬಿಟ್ಟು ಬದುಕಾಕ ಆಗಂಗಿಲ್ಲ. ಡಾಕ್ಸಿ ಕೊಟ್ರ ಮೊದಲ ಬಾಡಿಗಿಯವರು ಸಾಯ್ತಾರ. ಆಮ್ಯಾಲ ಹುಳ ಮರಿ ಹಾಕೋದು ಬಿಡ್ತೈತಿ, ಸಾವಕಾಶ ತಾನೂ ಸಾಯ್ತೈತಿ. ಆದ್ರ ವಾರಗಟ್ಟಲೆ ಬೇಕು. ಅಷ್ಟು ದಿನ ತಪ್ಪದ ಗುಳಿಗಿ ನುಂಗೋರು ಎಷ್ಟು ಮಂದಿ? ನಿಮ್ಮ ಬೀಜ ಜೋಡಿ ಕೂಡಿ ಒಂದು ವಾರ ಕಡಿಮಿ ಮಾಡಿದ್ರೂ ಭಾಳ ದೊಡ್ಡ ಮಾತು."

ನಾನು ಅಕ್ಕನ ಸುದ್ದಿ ಹೇಳಿದೆ. ಪುಡಿ ಕೊಟ್ಟದ್ದನ್ನು ಮಾತ್ರ ಹೇಳಲಿಲ್ಲ. ಪ್ರುಡೆನ್ಸ್ ನಡೆಯುವುದನ್ನು ನಿಲ್ಲಿಸಿ, ದಿನಾ ಕಾಲು ಸಾಬೂನು ಹಚ್ಚಿ ತೊಳೆಯುತ್ತಾಳಾ, ಬೆರಳ ಸಂದಿ ಒರೆಸಿಕೊಳ್ಳುತ್ತಾಳಾ, ಕೂತಾಗ ಕಾಲು ಎತ್ತಿ ಇಡುತ್ತಾಳಾ ಎಂದು ಒಂದೊಂದಾಗಿ ಕೇಳಿದರು. ಬೀಜದ ಹಿಂದೆ ಎಂಟು ವರ್ಷ ಬಿದ್ದವನು ಅಕ್ಕನ ಬೆರಳ ಸಂದಿಯ ಸುದ್ದಿ ಒಮ್ಮೆಯೂ ಕೇಳಿರಲಿಲ್ಲ.

ಗಾಜಿನ ತಟ್ಟೆ

ಪರೀಕ್ಷೆ ನೋಡಲು ಸರಳ. ಸಣ್ಣ ಗುಳಿಗಳಿರುವ ತಟ್ಟೆಗಳಲ್ಲಿ ಹುಳು ಬಿಟ್ಟು, ಕೆಲವಕ್ಕೆ ಬರೀ ಆ್ಯಂಟಿಬಯಾಟಿಕ್, ಕೆಲವಕ್ಕೆ ಬರೀ ಗಿಡದ ಸಾರ, ಕೆಲವಕ್ಕೆ ಎರಡೂ ಹಾಕುತ್ತಾರೆ. ದಿನಾ ಸೂಕ್ಷ್ಮದರ್ಶಕದಲ್ಲಿ ಹುಳುಗಳ ಅಲುಗಾಟ ನೋಡಿ ಬರೆಯಬೇಕು. ಕೊನೆಗೆ ಒಳಗಿನ ಬ್ಯಾಕ್ಟೀರಿಯಾ ಎಷ್ಟು ಉಳಿದಿವೆ ಎಂದು ಎಣಿಸಬೇಕು. ಅಲ್ಲಿನ ಶಿಸ್ತು ನೋಡಿ ನನಗೆ ನಾಚಿಕೆಯಾಗುತ್ತಿತ್ತು. ದಿನಕ್ಕೆ ಎರಡು ಮೂರು ಸಲ ವಿದ್ಯುತ್ ಹೋಗುತ್ತದೆ. ಹೋದ ತಕ್ಷಣ ಯಾರೂ ಕೂಗದೆ, ಬೈಯದೆ, ಒಬ್ಬರು ಜನರೇಟರ್ ಕಡೆ, ಒಬ್ಬರು ತಟ್ಟೆಗಳ ಕಡೆ ನಡೆಯುತ್ತಾರೆ. ನಮ್ಮ ಕಾಲೇಜಿನಲ್ಲಿ ಕರೆಂಟ್ ಹೋದರೆ ಎಲ್ಲರೂ ಚಹಾ ಅಂಗಡಿ ಕಡೆ ನಡೆಯುತ್ತೇವೆ. ನಾನೇ ಮುಂದೆ ಇರುತ್ತೇನೆ.

ಹತ್ತನೆಯ ದಿನದ ಹೊತ್ತಿಗೆ ಅಲ್ಲಿನ ಕಾಡಿನ ಎರಡು ಗಿಡಗಳ ಸಾರ ಆ್ಯಂಟಿಬಯಾಟಿಕ್ ಜೊತೆ ಚೆನ್ನಾಗಿ ಕೆಲಸ ಮಾಡಿದ್ದವು. ನಾನು ಡಬ್ಬಿಯಲ್ಲಿ ತಂದ ಮುತ್ತಲ ಪುಡಿಯದ್ದು ವಿಚಿತ್ರ. ಬರೀ ಡಾಕ್ಸಿ ಹಾಕಿದ ಗುಳಿಯಲ್ಲಿ ಹುಳುಗಳು ಸುಸ್ತಾಗಿದ್ದವು. ಡಾಕ್ಸಿ ಮತ್ತು ಮುತ್ತಲ ಎರಡೂ ಹಾಕಿದ ಗುಳಿಯಲ್ಲಿ ಅವು ಆರಾಮಾಗಿ ಹೊರಳಾಡುತ್ತಿದ್ದವು. ನನ್ನ ಬೀಜ ಸಹಾಯ ಮಾಡುವುದು ಹೋಗಲಿ, ಇದ್ದ ಮದ್ದಿನ ಕೈಯನ್ನೂ ಕಟ್ಟಿಹಾಕಿತ್ತು.

ನಾನು ಮೂರು ಸಲ ನೋಡಿದೆ. ಕನ್ನಡಕ ಒರೆಸಿಕೊಂಡು ನಾಲ್ಕನೆಯ ಸಲ ನೋಡಿದೆ. ಡಿವೈನ್ ನನ್ನ ಹೆಗಲ ಮೇಲೆ ಕೈ ಇಟ್ಟು, "ಕೆಟ್ಟ ಫಲಿತಾಂಶವೂ ಫಲಿತಾಂಶವೇ" ಎಂದರು. ಒಳ್ಳೆಯ ಮಾತೇ. ಆದರೆ ನನಗೆ ಆ ಹೊತ್ತಿಗೆ ಅಳು ಬರುವುದೊಂದು ಬಾಕಿಯಿತ್ತು.

ಸೋಮವಾರ

ಆ ಭಾಗದಲ್ಲಿ ಕೆಲವು ವರ್ಷಗಳಿಂದ ಸರಕಾರಕ್ಕೂ ಪ್ರತ್ಯೇಕ ದೇಶ ಕೇಳುವವರಿಗೂ ಗಲಾಟೆ ನಡೆದಿದೆ. ಅದರ ಕಾರಣಕ್ಕೆ ಪ್ರತಿ ಸೋಮವಾರ ಊರೆಲ್ಲ ಮುಚ್ಚಿರುತ್ತದೆ. ಅಂಗಡಿ ಇಲ್ಲ, ಗಾಡಿ ಇಲ್ಲ, ಯಾರೂ ಬೀದಿಗೆ ಬರುವುದಿಲ್ಲ. ಹುಳುಗಳಿಗೆ ಬೇಕಾದ್ದನ್ನೆಲ್ಲ ಭಾನುವಾರವೇ ಮುಗಿಸಿರುತ್ತಾರೆ. ಜನ ಇದಕ್ಕೂ ಒಗ್ಗಿಕೊಂಡು, ಅದೇ ದಿನ ಮನೆಯಲ್ಲಿ ನಿಧಾನದ ಅಡುಗೆ ಮಾಡುತ್ತಾರೆ. ನನ್ನ ವಸತಿಯ ಪಕ್ಕದ ಮನೆಯೇ ಪ್ರುಡೆನ್ಸರದ್ದು. ಹಿಂದಿನ ಬೇಲಿ ದಾಟಿಸಿ ನನ್ನನ್ನು ಊಟಕ್ಕೆ ಕರೆದರು.

ಅವರು ಒಂದು ರಾಶಿ ಕಹಿಸೊಪ್ಪು ಮುಂದಿಟ್ಟುಕೊಂಡು, ನೀರಿನಲ್ಲಿ ಹಿಚುಕಿ ಹಿಚುಕಿ ಹಸಿರು ನೊರೆ ಚೆಲ್ಲುತ್ತಿದ್ದರು. ಆ ಸೊಪ್ಪಿಗೆ ಶೇಂಗಾ ಅರೆದು ಹಾಕಿ ಎಂಡೋಲೆ ಎಂಬ ಪಲ್ಯ ಮಾಡುತ್ತಾರೆ. ನನಗಾಗಿ ಅಂದು ಮಾಂಸ ಸೀಗಡಿ ಏನೂ ಹಾಕದೆ, ಅದಕ್ಕೆ ನೆರೆಯವರಿಂದ ನಗೆಗೀಡಾಗಿ ಮಾಡುತ್ತಿದ್ದರು. ನಾನು ರೊಟ್ಟಿಯ ಕಟ್ಟು ಒಯ್ದಿದ್ದೆ. ಒಂದು ಚೂರು ಮುರಿದು ಕಡಿದ ಪ್ರುಡೆನ್ಸ್, "ಇದನ್ನ ತಿಂದ್ರ ಹಲ್ಲ ಗಟ್ಟಿ ಆಗ್ತಾವೇನು, ಇಲ್ಲಾ ಬೀಳ್ತಾವೇನು?" ಎಂದು ಕೇಳಿದರು.

ಸೊಪ್ಪನ್ನು ಕುದಿಯಲು ಇಟ್ಟ ಮೇಲೆ ಅವರು ಡಬ್ಬಿಯಿಂದ ಬೆಳ್ಳಗಿನ ಒಂದು ಹರಳು ತೆಗೆದು ಪಾತ್ರೆಗೆ ಹಾಕಿದರು.

"ಇದೇನ್ರಿ ಮಾ?"

"ಕಾನ್ವಾ. ಒಂದು ನಮೂನಿ ಸೋಡಾ ಕಲ್ಲು. ಸೊಪ್ಪು ಬೇಗ ಮೆತ್ತಗಾಗ್ತೈತಿ, ಕಹಿ ಬಿಡ್ತೈತಿ."

ನಾನು ಹರಳನ್ನು ಕೈಯಲ್ಲಿ ಹಿಡಿದು ನೋಡಿ ಸಂತೋಷದಿಂದ, "ನಮ್ಮಲ್ಲೂ ಹಿಂಗ ಮಾಡ್ತೀವ್ರಿ! ನಾವು ಸುಣ್ಣ ಹಾಕ್ತೀವಿ. ಮುತ್ತಲ ಬೀಜ ಸುಣ್ಣದ ತಿಳಿನೀರಾಗ ಎರಡು ದಿನ ನೆನಿಸಿದ್ರ ಸಿಪ್ಪಿ ಸಲೀಸು ಬಿಡ್ತೈತಿ" ಎಂದೆ.

ಪ್ರುಡೆನ್ಸ್ ಸೌಟನ್ನು ಪಾತ್ರೆಯ ಮೇಲೆ ಅಡ್ಡ ಇಟ್ಟರು.

"ಸುಣ್ಣ ಅಂದ್ರ ಯಾವ ಸುಣ್ಣ? ಗ್ವಾಡಿಗಿ ಬಳಿಯೋದು?"

"ಹೌದ್ರಿ. ಎಲಿ ಅಡಿಕಿಗೂ ಅದ."

"ನಮಗ ಬರದು ಕೊಟ್ಟ ಕ್ರಮದಾಗ ಸುಣ್ಣ ಇರಲಿಲ್ಲಲ್ಲ?"

ಇರಲಿಲ್ಲ. ಬೀಜ ನೆನೆಸಿ, ಸಿಪ್ಪೆ ತೆಗೆದು, ಒಣಗಿಸಿ, ಪುಡಿ ಮಾಡಿ ಎಂದಷ್ಟೇ ಬರೆದಿದ್ದೆ. ಸುಣ್ಣದ ನೀರು ಬರೆಯುವ ವಸ್ತು ಎಂದು ನನಗೆ ಅನ್ನಿಸಿಯೇ ಇರಲಿಲ್ಲ. ಅಡುಗೆ ಹೇಳಿಕೊಡುವವರು ಅಕ್ಕಿ ತೊಳೆ ಎಂದು ಬರೆಯುತ್ತಾರೆಯೇ? ಖಾಜಾಸಾಬರ ಅಂಗಳದಲ್ಲಿ ಸುಣ್ಣದ ಗಡಿಗೆ ನೀರಿನ ಗಡಿಗೆಯ ಪಕ್ಕದಲ್ಲೇ ಇರುತ್ತಿತ್ತು. ಅವರು ನನಗೆ ಹೇಳಿಕೊಟ್ಟದ್ದಲ್ಲ, ನಾನು ನೋಡಿ ಕಲಿತದ್ದು.

"ಮಾಸ್ತರ," ಎಂದರು ಪ್ರುಡೆನ್ಸ್, ದನಿ ತಗ್ಗಿಸಿ, "ಸುಣ್ಣದಾಗ ಕ್ಯಾಲ್ಸಿಯಂ ಇರ್ತೈತಿ. ಅದು ಡಾಕ್ಸಿನ್ನ ಹಿಡದು ಬಿಡಂಗಿಲ್ಲ. ಈ ಊರಾಗ ಡಾಕ್ಸಿ ಹಂಚುವಾಗ ನಾವು ಮೊದಲ ಹೇಳೋ ಮಾತ ಇದು: ಗುಳಿಗಿ ಜೋಡಿ ಹಾಲು ಬ್ಯಾಡ, ಮೊಸರು ಬ್ಯಾಡ, ಸುಣ್ಣದ್ದು ಏನೂ ಬ್ಯಾಡ. ನಿಮ್ಮ ಬೀಜದ್ದೇನೂ ತಪ್ಪಿಲ್ಲ ಅನಸ್ತೈತಿ. ಸಿಪ್ಪಿ ಬಿಡಿಸಿದ ನೀರಿಂದು ತಪ್ಪು."

ಒಂದು ಕ್ಷಣ ನನಗೆ ಖುಷಿಯೇ ಆಯಿತು. ಬೀಜ ಉಳಿಯಿತು ಎಂದುಕೊಂಡೆ. ಮರುಕ್ಷಣ ಗಂಗಾವತಿಯ ಅಡುಗೆಮನೆ ಕಣ್ಣಿಗೆ ಕಟ್ಟಿತು. ಸುಣ್ಣದಲ್ಲಿ ನೆಂದ ಬೀಜದ ಪುಡಿ. ಅದನ್ನು ಕಲಸಿದ ಮಜ್ಜಿಗೆ. ಅದರ ಜೊತೆಗೇ ಗುಳಿಗೆ. ಅಕ್ಕನಿಗೆ ಮೂರನೆಯ ವಾರ ನಡೆಯುತ್ತಿತ್ತು. ಆ ಗುಳಿಗೆಗಳಲ್ಲಿ ಅವಳ ಮೈಗೆ ಎಷ್ಟು ಹತ್ತಿದವೋ ದೇವರೇ ಬಲ್ಲ. ಹತ್ತದಂತೆ ಮಾಡಿದವನು ನಾನು. ಡಾಕ್ಟರನ್ನು ಕೇಳಲೇನು ಎಂದವಳ ಬಾಯಿ ಮುಚ್ಚಿಸಿದವನೂ ನಾನೇ.

ಪ್ರುಡೆನ್ಸರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಒಲೆಯ ಉರಿ ತಗ್ಗಿಸಿ, "ಮೊದಲ ಫೋನ್ ಹಚ್ರಿ. ಪಲ್ಯ ಆಮ್ಯಾಲ" ಎಂದರು.

ಗಂಗಾವತಿಯಲ್ಲಿ ಆಗ ಸಂಜೆಯ ಹೊತ್ತು. ಅಕ್ಕ ಎತ್ತಿದ ಕೂಡಲೇ, "ಉಂಡಿಯೇನೋ ವೀರು? ಅಲ್ಲಿ ರೊಟ್ಟಿ ಮುಗದ್ವೇನು?" ಎಂದಳು. ನಾನು ತಡವರಿಸಿ ತಡವರಿಸಿ ಹೇಳಿ ಮುಗಿಸಿದೆ. ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದು ಕೇಳಿಸಿತು.

"ಅಕ್ಕಾ?"

"ಅದೀನೋ. ಮಜ್ಜಿಗಿ ಜೋಡಿನೂ ತಗೋಬಾರದಿತ್ತೇನು?" ಎಂದಳು.

"ಇಲ್ಲಕ್ಕ."

"ದಿನಾ ಕಣ್ಣ ಮುಚ್ಚಿ ಕುಡದೀನೋ ಅದನ್ನ. ಹಂಗ ಕಹಿ ಇರ್ತಿತ್ತು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡದ್ದು ಕೇಳಿಸಿತು. ಅಕ್ಕ ಅಳುವವಳಲ್ಲ. "ಇರಲಿ ಬಿಡು. ನೀ ಬೇಕಂತ ಮಾಡಿದ್ದೇನಲ್ಲ. ನಾಳೆ ನಾನ ಹೋಗಿ ಮೇಡಂಗೆ ಹೇಳಿ ಬರ್ತೀನಿ. ಏನ್ ಮಾಡಂತಾರ ಅದನ್ನ ಮಾಡ್ತೀನಿ. ನೀ ಅಲ್ಲಿ ಬಂದ ಕೆಲಸ ಮುಗಸು."

ಆ ದಿನದ ಎಂಡೋಲೆ ಬಹಳ ಚೆನ್ನಾಗಿತ್ತು ಎಂದು ನೆನಪಿದೆ. ನಾನು ಎರಡು ತುತ್ತಿಗೇ ಕೈ ತೊಳೆದೆ.

ಮೊಳೆಗೆ ಕಟ್ಟಿದ ಪುಸ್ತಕ

ಮಂಗಳವಾರ ನಾನು ಡಿವೈನ್ ಅವರಿಗೆ ಹೇಳಿದಾಗ ಅವರು ಎದ್ದುಹೋಗಿ ಬಾಗಿಲ ಪಕ್ಕದ ಮೊಳೆಯಿಂದ ದಾರಕ್ಕೆ ಕಟ್ಟಿದ ಒಂದು ನೋಟ್‌ಬುಕ್ ಬಿಚ್ಚಿ ತಂದರು. ಇಷ್ಟು ದಿನ ಅದನ್ನು ನಾನು ಹಾಜರಿ ಪುಸ್ತಕ ಎಂದುಕೊಂಡಿದ್ದೆ. ಅದು ತಪ್ಪುಗಳ ಪುಸ್ತಕ. ಆ ಕೋಣೆಯಲ್ಲಿ ಯಾರು ಏನು ತಪ್ಪು ಮಾಡಿದರೂ ತಮ್ಮ ಕೈಯಾರೆ ಬರೆದು, ಹೆಸರು ಹಾಕಬೇಕು. ಹೊಸಬರು ಕೆಲಸಕ್ಕೆ ಸೇರಿದ ದಿನ ಅದನ್ನು ಓದಬೇಕು. ನನಗೆ ಅತಿಥಿ ಎಂದು ರಿಯಾಯಿತಿ ಸಿಕ್ಕಿತ್ತು.

ಮೊದಲ ಪುಟ ಡಿವೈನ್ ಅವರದ್ದೇ. ವಿದ್ಯಾರ್ಥಿಯಾಗಿದ್ದಾಗ ಫ್ರಿಜ್ಜಿನಲ್ಲಿ ಹುಳುಗಳ ಡಬ್ಬಿಯ ಪಕ್ಕ ಊಟದ ಡಬ್ಬಿ ಇಟ್ಟು, ಅವಸರದಲ್ಲಿ ಹುಳುಗಳನ್ನು ಮನೆಗೆ ಒಯ್ದು, ಊಟವನ್ನು ಪ್ರಯೋಗಕ್ಕೆ ಬಿಟ್ಟಿದ್ದರಂತೆ. ಪ್ರುಡೆನ್ಸರದ್ದು ಏಳು ಪುಟ. ನಮ್ಮ ಕಡೆ ಗುಡಿಗೆ ಫ್ಯಾನು ಕೊಟ್ಟರೆ ಮೂರೂ ರೆಕ್ಕೆಗೆ ಹೆಸರು ಬರೆಸುತ್ತೇವೆ. ತಪ್ಪಿಗೆ ಹೆಸರು ಬರೆಸುವುದನ್ನು ನಾನು ಜೀವನದಲ್ಲಿ ಮೊದಲ ಸಲ ನೋಡಿದೆ. ಅದಕ್ಕಿಂತ ಹೆಚ್ಚು ನನ್ನನ್ನು ಬೆರಗುಗೊಳಿಸಿದ್ದು, ಅದನ್ನು ಓದಿ ಯಾರೂ ಯಾರನ್ನೂ ಕಿಚಾಯಿಸದಿರುವುದು.

ನಾನು ಸುಣ್ಣದ ಸಂಗತಿ ಬರೆದು ಸಹಿ ಹಾಕಿದೆ. ಪ್ರುಡೆನ್ಸ್ ಕನ್ನಡಕ ಏರಿಸಿ ಓದಿ, "ಇಷ್ಟ ಏನು?" ಎಂದರು. ನಾನು ಮತ್ತೆ ಪೆನ್ನು ತೆಗೆದುಕೊಂಡು, ಪರೀಕ್ಷೆ ಆಗದ ಪುಡಿಯನ್ನು ಡಾಕ್ಟರಿಗೆ ಹೇಳದೆ ನನ್ನ ಅಕ್ಕನಿಗೆ ಕೊಟ್ಟೆ ಎಂದು ಕೆಳಗೆ ಸೇರಿಸಿದೆ. ಆ ಒಂದು ಸಾಲು ಬರೆಯಲು ಹಿಂದಿನ ಇಡೀ ಪುಟಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಉಳಿದ ಬೀಜಗಳನ್ನು ಬರೀ ನೀರಿನಲ್ಲಿ ನೆನೆಸಿದೆವು. ಸುಣ್ಣವಿಲ್ಲದೆ ಸಿಪ್ಪೆ ಜಪ್ಪಯ್ಯ ಎಂದರೂ ಬಿಡುವುದಿಲ್ಲ. ಎರಡು ದಿನ ಮೂವರೂ ಕೂತು ಉಗುರಿನಿಂದ ಕೆರೆದು ಬಿಡಿಸಿದೆವು. ಒಂದು ಪ್ರಯೋಗಶಾಲೆಯ ಮುಖ್ಯಸ್ಥ, ದೂರದ ಒಂದು ಊರಿನ ಮಾಸ್ತರನ ತಪ್ಪು ತಿದ್ದಲು, ಬೆರಳಿಗೆ ಪಟ್ಟಿ ಸುತ್ತಿಕೊಂಡು ಬೀಜ ಸುಲಿಯುತ್ತ ಕೂತಿದ್ದ. ಆತನ ಮುಖದಲ್ಲಿ ಉಪಕಾರ ಮಾಡುತ್ತಿರುವ ಛಾಯೆ ಒಂದಿಷ್ಟೂ ಇರಲಿಲ್ಲ. ನಾನು ಆ ಊರಿನಲ್ಲಿ ನೋಡಿದ್ದರಲ್ಲಿ ಬೆಟ್ಟಕ್ಕಿಂತ ದೊಡ್ಡದು ಇದು.

ಎರಡನೆಯ ಸಲದ ಪರೀಕ್ಷೆಯಲ್ಲಿ ಡಾಕ್ಸಿ ಮತ್ತು ಮುತ್ತಲ ಕೂಡಿದ ಗುಳಿಗಳಲ್ಲಿ ಹುಳುಗಳು ಬರೀ ಡಾಕ್ಸಿಗಿಂತ ತುಸು ಬೇಗ ಸುಮ್ಮನಾದವು. ನಾನು ಕುಣಿಯುವುದರಲ್ಲಿದ್ದೆ. ಡಿವೈನ್ ತಡೆದರು. "ಇದು ಗಾಜಿನ ತಟ್ಟೆಯ ಮಾತು. ಮನುಷ್ಯರ ಮೈಗೆ ಹೋಗಲು ಇನ್ನೂ ಬಹಳ ವರ್ಷ, ಬಹಳ ಪರೀಕ್ಷೆ ಬೇಕು. ಊರಿಗೆ ಹೋಗಿ ಯಾರಿಗೂ ಕೊಡಬೇಡಿ" ಎಂದು ನನ್ನ ಕೈ ಹಿಡಿದು ಹೇಳಿದರು. ಕೊಡುವುದಿಲ್ಲ ಎಂದು ಮಾತು ಕೊಟ್ಟು ವಿಮಾನ ಹತ್ತಿದೆ.

ಗಂಗಾವತಿ

ಮನೆಗೆ ಬಂದ ಮೂರನೆಯ ದಿನ ಅಕ್ಕನನ್ನು ತೋರಿಸಲು ಅವಳ ಜೊತೆ ನಾನೂ ಆಸ್ಪತ್ರೆಗೆ ಹೋದೆ. ಮೇಡಂ ಮೊದಲಿನಿಂದ ಲೆಕ್ಕ ಹಿಡಿದು ಗುಳಿಗೆ ಮತ್ತೆ ಶುರು ಮಾಡಿಸಿದ್ದರು, ಮೂರು ವಾರ ಕಳೆದಿತ್ತು. ಈ ಸಲ ನೀರಿನ ಜೊತೆ. ಕಾಲು ಅಳೆದು, ಹರಡಿನ ಹತ್ತಿರ ಒತ್ತಿ ನೋಡಿ, ಬೆರಳ ಸಂದಿ ನೋಡಿ, ಛಲೋ ಇಟ್ಟುಕೊಂಡಿದ್ದೀರಿ ಎಂದರು. ಎಡಗಾಲಿನ ಬಾವು ಹೆಚ್ಚಿರಲಿಲ್ಲ. ಜ್ವರ ಮತ್ತೆ ಬಂದಿರಲಿಲ್ಲ. ಇಷ್ಟು ಬೇಗ ಏನೂ ಹೇಳಲಾಗದು ಎಂದರೂ ಅವರ ಮುಖ ಗೆಲುವಾಗಿತ್ತು.

ಆಮೇಲೆ ನನ್ನ ಕಡೆ ತಿರುಗಿದರು. "ನೀವು ಕಾಲೇಜಿನ್ಯಾಗ ಕಲಸ್ತೀರಂತಲ್ರಿ. ಅಕ್ಕಾರು ಭಾಳ ಹೇಳ್ತಿರ್ತಾರ ನಿಮ್ಮ ಬಗ್ಗೆ. ಸ್ವಲ್ಪ ಇವರಿಗೆ ಬುದ್ಧಿ ಹೇಳ್ರಿ. ಯಾರೋ ಓಣಿ ಮುದುಕಿ ಹೇಳಿದ್ಲಂತ, ಅದ್ಯಾವುದೋ ಬೀಜದ ಪುಡಿ ತಂದು, ಮಜ್ಜಿಗ್ಯಾಗ ಕಲಸಿ, ಗುಳಿಗಿ ಜೋಡಿ ಕುಡದಾರ. ಮೂರು ವಾರ! ಅವತ್ತು ನನಗ ಎಂಥಾ ಸಿಟ್ಟು ಬಂದಿತ್ತಂದ್ರ, ಮಂದಿ ಮುಂದನ ಬೈದುಬಿಟ್ಟೆ. ಒಂದು ಮಾತು ತಿರುಗಿ ಆಡಲಿಲ್ಲ ಇವರು. ತಲಿ ಕೆಳಗ ಹಾಕ್ಕೊಂಡು ನಿಂತಿದ್ರು."

ನಾನು ಅಕ್ಕನನ್ನು ನೋಡಿದೆ. ಅವಳು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದಳು.

ಬಾಗಿಲು ತೆರೆದಿತ್ತು. ಹೊರಗೆ ಬೆಂಚಿನ ಮೇಲೆ ಜನ ಕೂತಿದ್ದರು. ಅವರಲ್ಲಿ ಒಬ್ಬ ನನ್ನ ಹಳೆಯ ವಿದ್ಯಾರ್ಥಿ, ಒಳಗೆ ಬರುವಾಗ ಎದ್ದು ನಮಸ್ಕಾರ ಮಾಡಿದ್ದ.

"ಮೇಡಂ, ಮುದುಕಿ ಯಾರೂ ಇಲ್ರಿ," ಎಂದೆ. ದನಿ ನಾನು ಎಣಿಸಿದ್ದಕ್ಕಿಂತ ಜೋರಾಗಿ ಬಂತು. "ಪುಡಿ ಮಾಡಿದಾಂವ ನಾನ. ಕೊಟ್ಟಾಂವ ನಾನ. ನಿಮಗ ಹೇಳಬ್ಯಾಡ ಅಂದಾಂವನೂ ನಾನ. ಆಕಿದೇನೂ ತಪ್ಪಿಲ್ರಿ."

ಮೇಡಂ ಪೆನ್ನು ಕೆಳಗಿಟ್ಟು ನಮ್ಮಿಬ್ಬರನ್ನೂ ನೋಡಿದರು. ಬೆಂಚಿನ ಮೇಲಿನವರು ಒಳಗೆ ಇಣುಕಿದರು. ಅವರು ನನ್ನನ್ನು ಬೈಯಲಿಲ್ಲ. ಎದ್ದು ಬಂದು ಅಕ್ಕನ ಕೈ ಹಿಡಿದು, "ತಪ್ಪು ತಿಳಕೊಂಡೆ, ಅಕ್ಕಾರ" ಎಂದಷ್ಟೇ ಹೇಳಿದರು.

ಹೊರಗೆ ಬಂದ ಮೇಲೆ ಅಕ್ಕ ನನಗಾಗಿ ಕಾಯಲಿಲ್ಲ. ಬಸ್ ನಿಲ್ದಾಣದ ತನಕ ಮುಂದೆ ಮುಂದೆ ನಡೆದಳು, ಆ ಕಾಲಿನಲ್ಲಿ ಅಷ್ಟು ಬೇಗ ನಡೆದದ್ದನ್ನು ನಾನು ಈಚೆಗೆ ನೋಡಿರಲಿಲ್ಲ. ನಾನು ಹಿಂದಿನಿಂದ, ಯಾಕಕ್ಕ ಸುಳ್ಳು ಹೇಳಿದಿ ಎಂದು ಕೇಳಿದೆ. ಅವಳು ತಿರುಗಿ ನಿಂತಳು. ಕಣ್ಣು ತುಂಬಿದ್ದವು, ಸಿಟ್ಟೂ ಇತ್ತು.

"ನಾ ಬೈಸ್ಕೊಂಡು ಮುಗಿಸಿದ್ನಲ್ಲೋ ವೀರು. ಮತ್ಯಾಕ ತೆಗದಿ ಅದನ್ನ? ನನ್ನ ಕಾಲು ಹೆಂಗೂ ಕೆಟ್ಟೈತಿ. ನಿನ್ನ ಹೆಸರು ಯಾಕ ಕೆಡಿಸ್ಕೊಂಡಿ?"